ಇಬ್ಬರು ಹೆಣ್ಣುಮಕ್ಕಳಿಗೆ ಮಹಿಳಾ ಕಾಲೇಜು: ಏನನ್ನು ನೋಡಿ ನಿರ್ಧರಿಸಬೇಕು?

ಪ್ರಶ್ನೆ (ಶಿವಮೊಗ್ಗದಿಂದ ಒಬ್ಬ ತಾಯಿ)

ಹಿರಿಯ ಮಗಳು ಈ ವರ್ಷ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ, ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಬೇಕೆಂಬುದು ಅವಳ ಆಸೆ. ಕಿರಿಯವಳು ವಾಣಿಜ್ಯ ವಿಭಾಗದಲ್ಲಿದ್ದು, ಅವಳಿಗೆ ಇನ್ನೊಂದು ವರ್ಷವಿದೆ. ಎಲ್ಲಿ ಸೇರಿಸಿದರೂ ಹಾಸ್ಟೆಲ್ ತಪ್ಪಿದ್ದಲ್ಲವಾದ್ದರಿಂದ ಇಬ್ಬರನ್ನೂ ಕರೆದುಕೊಂಡು ಮಂಗಳೂರು ಮತ್ತು ಮೈಸೂರಿನ ಕೆಲವು ಮಹಿಳಾ ಕಾಲೇಜುಗಳನ್ನು ನೋಡಿ ಬಂದೆ. ಪದವಿಗಾಗಿ ಹೆಣ್ಣುಮಕ್ಕಳು ಊರು ಬಿಡಬೇಕಾಗಿದ್ದ ಕಾಲದಲ್ಲಿ, 1921ರಲ್ಲಿ, ಆರಂಭವಾದ ಸೇಂಟ್ ಆಗ್ನೆಸ್ ಕಾಲೇಜೂ, 1881ರ ಹೆಣ್ಣುಮಕ್ಕಳ ಶಾಲೆಯಿಂದ ಬೆಳೆದು ಬಂದ ಮೈಸೂರಿನ ಮಹಾರಾಣಿ ಕಾಲೇಜೂ ನನಗೆ ಗೌರವ ಹುಟ್ಟಿಸಿದವು. ಹಿರಿಯವಳಿಗೆ ಮನಸ್ಸಾಗಿದೆ. ಕಿರಿಯವಳು ಮಾತ್ರ, "ನಾಳೆ ಕೆಲಸಕ್ಕೆ ಹೋದಲ್ಲಿ ಗಂಡಸರೂ ಇರುತ್ತಾರಲ್ಲ, ಈಗೇಕೆ ಬೇರೆ ಕೂರಬೇಕು?" ಎನ್ನುತ್ತಾಳೆ. ನೆಂಟರಿಷ್ಟರು ಹೇಳುವುದೆಲ್ಲ ಸುರಕ್ಷತೆಯ ಮಾತು. ಕಾಂಪೌಂಡಿನ ಎತ್ತರ ನೋಡಿ ಕಾಲೇಜು ಆರಿಸಲು ನನಗೆ ಮನಸ್ಸಿಲ್ಲ. ಮಕ್ಕಳನ್ನು ಓದಿಸಿದವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರಿನಿಂದ ಒಬ್ಬ ತಂದೆ)

ನನ್ನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಮಹಿಳಾ ಕಾಲೇಜಿನಲ್ಲಿ, ಇನ್ನೊಬ್ಬಳು ಸಹಶಿಕ್ಷಣದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದರು. ಇಬ್ಬರೂ ಚೆನ್ನಾಗಿಯೇ ಓದಿದರಾದರೂ, ಸಹಶಿಕ್ಷಣದಲ್ಲಿದ್ದವಳು ಪ್ರಾಯೋಗಿಕ ತರಗತಿಯ ತಂಡದಲ್ಲಿ ಬಹುಪಾಲು ರೀಡಿಂಗ್ ಬರೆದುಕೊಳ್ಳುವವಳಾಗಿಯೇ ಉಳಿದಳು; ಬ್ಯುರೆಟ್ ಹಿಡಿಯುವವರು ಹುಡುಗರು. ಯಾರೂ ಅವಳನ್ನು ತಡೆದಿರಲಿಲ್ಲ, ಅದು ತಾನಾಗಿಯೇ ಹಾಗೆ ಹಂಚಿಹೋಗಿತ್ತು. ಮಹಿಳಾ ಕಾಲೇಜಿನಲ್ಲಿದ್ದವಳು ಟೈಟ್ರೇಷನ್ನಿನ ಕೊನೆಯ ಹನಿಗೆ ಬಣ್ಣ ತಿರುಗುವುದನ್ನು ತನ್ನ ಕೈಯಿಂದಲೇ ಕಲಿತಳು. ಕಾಲೇಜಿನ ಹಬ್ಬ ಬಂದರೆ ಮೈಕು ಜೋಡಿಸುವುದು, ದೀಪ ಕಟ್ಟಲು ಏಣಿ ಹತ್ತುವುದು, ಲೆಕ್ಕಪತ್ರ ಒಪ್ಪಿಸುವುದು ಎಲ್ಲವೂ ಹುಡುಗಿಯರದೇ ಆಗಿತ್ತು. ನಿಮ್ಮ ಕಿರಿಯ ಮಗಳಿಗೆ ನಾನು ಹೇಳಬಯಸುವುದು ಇದನ್ನೇ: ಗಂಡಸರ ನಡುವೆ ಕೆಲಸ ಮಾಡುವ ಧೈರ್ಯ ಅವರ ಪಕ್ಕದಲ್ಲಿ ಕೂತ ಮಾತ್ರಕ್ಕೆ ಬರುವುದಿಲ್ಲ, ಜವಾಬ್ದಾರಿ ಹೊತ್ತು ಅಭ್ಯಾಸವಾಗಿರಬೇಕು.

ಹಾಗೆಂದು ಎಲ್ಲ ಮಹಿಳಾ ಕಾಲೇಜುಗಳೂ ಒಂದೇ ಅಲ್ಲ. ನಾವು ನೋಡಿದ ಒಂದು ಕಡೆ ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರುತ್ತದೆಂದು ಹೆಮ್ಮೆಯಿಂದ ತೋರಿಸಿದರು; ವಿಚಾರಿಸಿದರೆ ಹಾಸ್ಟೆಲ್ ಗೇಟು ಆರೂವರೆಗೇ ಮುಚ್ಚುತ್ತಿತ್ತು. ಆದ್ದರಿಂದ ಸಮಾರಂಭದ ದಿನ ಹೋಗಬೇಡಿ. ಸಾಮಾನ್ಯ ಕೆಲಸದ ದಿನ, ಪ್ರಾಯೋಗಿಕ ತರಗತಿ ನಡೆಯುವ ಮಧ್ಯಾಹ್ನ ಹೋಗಿ, ಮಗಳನ್ನು ಅಲ್ಲಿನ ವಿದ್ಯಾರ್ಥಿನಿಯರೊಡನೆ ಮಾತಾಡಲು ಬಿಟ್ಟು ನೀವು ದೂರ ಕೂತಿರಿ.

ಉತ್ತರ (ನಿವೃತ್ತ ಉಪನ್ಯಾಸಕಿ)

ಮೇಲಿನವರು ಹೇಳಿದ್ದು ನಿಜ. ದಾಖಲಾತಿಯ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ಸ್ವಾಯತ್ತ ಕಾಲೇಜು ಪಠ್ಯವನ್ನೂ ಪರೀಕ್ಷೆಯನ್ನೂ ತಾನೇ ರೂಪಿಸುತ್ತದೆ, ಪದವಿ ಪತ್ರ ಮಾತ್ರ ವಿಶ್ವವಿದ್ಯಾಲಯದ್ದು. ಹಾಗಾಗಿ ಪಠ್ಯಕ್ರಮವನ್ನು ಕೇಳಿ ಪಡೆದು ಓದಿ. ಅನುದಾನಿತ ಕಾಲೇಜೆಂದಾಕ್ಷಣ ಎಲ್ಲ ಕೋರ್ಸುಗಳಿಗೂ ಅನುದಾನವಿದೆಯೆಂದು ತಿಳಿಯಬೇಡಿ. ಅದೇ ಕಟ್ಟಡದಲ್ಲಿ ಅನುದಾನರಹಿತ ಕಾಂಬಿನೇಷನ್‌ಗಳೂ ಇರಬಹುದು, ಅವುಗಳ ಶುಲ್ಕ ಹೆಚ್ಚು. ಸರ್ಕಾರಿ ಕಾಲೇಜಾದರೆ ರಸಾಯನಶಾಸ್ತ್ರಕ್ಕೆ ಕಾಯಂ ಅಧ್ಯಾಪಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು ಎಂದು ಕೇಳುವುದು ಅತ್ಯಗತ್ಯ. ಅತಿಥಿ ಉಪನ್ಯಾಸಕರು ಒಳ್ಳೆಯ ಬೋಧಕರೇ, ಆದರೆ ಅವರ ನೇಮಕಾತಿ ತಡವಾದ ವರ್ಷ ತರಗತಿಗಳು ಖಾಲಿ ಬೀಳುತ್ತವೆ. 2024-25ರಿಂದ ರಾಜ್ಯದಲ್ಲಿ ಸಾಮಾನ್ಯ ಪದವಿ ಮತ್ತೆ ಮೂರು ವರ್ಷದ್ದಾಗಿರುವುದರಿಂದ ಎಂ.ಎಸ್ಸಿ.ಯ ಯೋಚನೆಯನ್ನೂ ಈಗಲೇ ಮಾಡಿಟ್ಟುಕೊಳ್ಳುವುದು ಲೇಸು.

ಉತ್ತರ (ವಿಜಯಪುರದಿಂದ)

ಎಂ.ಎಸ್ಸಿ. ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 2003ರಲ್ಲಿ ನಮ್ಮ ಊರಿನಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯ, ಅಂದರೆ ಈಗಿನ ಅಕ್ಕಮಹಾದೇವಿ ವಿಶ್ವವಿದ್ಯಾಲಯವನ್ನೂ ಗಮನದಲ್ಲಿಡಿ. ದಕ್ಷಿಣದ ಪೋಷಕರಿಗೆ ಇದರ ನೆನಪೇ ಆಗುವುದಿಲ್ಲವೆಂಬುದು ನನಗೆ ಬೇಸರದ ಸಂಗತಿ. ಇನ್ನೊಂದು ವಿಷಯ: ಕಾಲೇಜಿನಲ್ಲಿ ಸೀಟು ಸಿಕ್ಕರೆ ಹಾಸ್ಟೆಲ್ ಸಿಕ್ಕಿತೆಂದು ಅರ್ಥವಲ್ಲ. ಅನೇಕ ಕಡೆ ಅದರ ಅರ್ಜಿಯೂ ಕೊನೆಯ ದಿನಾಂಕವೂ ಬೇರೆಯೇ ಇರುತ್ತವೆ. ಮಗಳ ಪ್ರವೇಶಕ್ಕೆ ಹಣ ಕಟ್ಟುವ ಮೊದಲೇ ವಾರ್ಡನ್ ಅವರನ್ನು ಕಂಡು ಮಾತಾಡಿ.