ಟೊಮೆಟೊ ತೋಟಕ್ಕೆ ಕುರಿ ಬಿಟ್ಟ ಮೇಲೆ ರೇಟು ಏರಿತು, ನಿಮಗೂ ಹೀಗಾಗಿದೆಯಾ?

ಪ್ರಶ್ನೆ: ಕೋಲಾರದ ಹತ್ತಿರ ನಮ್ಮದು ಒಂದೂವರೆ ಎಕರೆ. 2023ರ ಮೇ ತಿಂಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ, ಸಿಟ್ಟಿಗೆ ತೋಟಕ್ಕೆ ಕುರಿ ಬಿಟ್ಟೆ. ಜುಲೈನಲ್ಲಿ ಮಂಡಿಯಲ್ಲಿ 15 ಕೆ.ಜಿ. ಬಾಕ್ಸು 2000 ರೂಪಾಯಿ ದಾಟಿತು! ಅಮ್ಮ ಮೂರು ದಿನ ಮಾತಾಡಲಿಲ್ಲ. ಇಂಥ ಪೆಟ್ಟು ತಿಂದವರು ಆಮೇಲೆ ಏನು ಬದಲಾಯಿಸಿದಿರಿ?

ಉತ್ತರ 1: ಕೊಯ್ಲಿಗೆ ಬಂದಿದ್ದ ಗಿಡ ಜುಲೈವರೆಗೂ ಕಾಯಿ ಬಿಡ್ತಿತ್ತು ಅಂತ ಯಾರು ಹೇಳಿದ್ರು? ಸುಮ್ನೆ ಕೊರಗಬೇಡಿ.

ಉತ್ತರ 2: ನಾನು ಎರಡು ಸಲ ಮುಳುಗಿದೆ. ಈಗ ಒಂದೇ ಸಲ ನಾಟಿ ಮಾಡಲ್ಲ, ಇಪ್ಪತ್ತು ದಿನ ಬಿಟ್ಟು ಬಿಟ್ಟು ಕಾಲು ಎಕರೆ. ಸಾಲ ಮಾಡಿ ಗಿಡಕ್ಕೆ ಆಸರೆ ಕೊಡೋ ಕಡ್ಡಿ, ತಂತಿ ತರೋದನ್ನೂ ಬಿಟ್ಟೆ.

ಪ್ರಶ್ನೆ ಕೇಳಿದವರು: ಸರಿ ಅಣ್ಣ. ಈ ಸಲ ಅರ್ಧ ಎಕರೆ ರಾಗಿ. ಕುರಿಗಳಿಗೇ ಬೇಜಾರು.