ಅಪ್‌ಡೇಟ್: ಅಸ್ತ್ರ ಒಲೆಯ ಹೊಗೆ ಈಗ ಒಳಗೆ ಬರುತ್ತಿಲ್ಲ

ನಮ್ಮ ಮಲೆನಾಡಿನ ಮನೆಯಲ್ಲಿ ಹೊಸದಾಗಿ ಕಟ್ಟಿಸಿದ ಅಸ್ತ್ರ ಒಲೆಯ (ಹೊಗೆ ಹೊರಹೋಗಲು ಕೊಳವೆಯಿರುವ ಸುಧಾರಿತ ಸೌದೆ ಒಲೆ) ಹೊಗೆ, ಗಾಳಿ ಬೀಸಿದಾಗಲೆಲ್ಲ ಅಡುಗೆಮನೆಗೇ ಮರಳುವುದೇಕೆ ಎಂದು ಕೇಳಿದ್ದೆ. ಕೊಳವೆಯ ಎತ್ತರವನ್ನು ಪರೀಕ್ಷಿಸಲು ಹೇಳಿದವರಿಗೆ ನಾನು ಕೃತಜ್ಞ. ಅದರ ತುದಿ ಹೆಂಚಿನ ಮಾಡಿನ ನೆತ್ತಿಗಿಂತ ತಗ್ಗಿನಲ್ಲಿದ್ದುದರಿಂದ, ಮಾಡನ್ನು ದಾಟಿ ಇಳಿಯುವ ಗಾಳಿ ಹೊಗೆಯನ್ನು ಕೆಳಕ್ಕೆ ಒತ್ತುತ್ತಿತ್ತು. ಈಗ ಕೊಳವೆಯನ್ನು ನೆತ್ತಿಗಿಂತ 2 ಅಡಿ ಎತ್ತರಿಸಿ, ಮಳೆನೀರು ಇಳಿಯದಂತೆ ಮೇಲೆ ಟೋಪಿ ಹಾಕಿಸಿ, ಬಿಸಿ ಕೊಳವೆ ಮಾಡಿನ ಮರಕ್ಕೆ ತಾಗದಂತೆ ಸುತ್ತಲೂ ಅಂತರ ಬಿಡಿಸಿದ್ದೇವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಈ ಒಲೆಯಲ್ಲಿ ಪಾತ್ರೆಗಳು ಬಾಯಿಗೆ ಸರಿಯಾಗಿ ಕೂತರೆ ಮಾತ್ರ ಕೊಳವೆ ಹೊಗೆಯನ್ನು ಚೆನ್ನಾಗಿ ಎಳೆಯುತ್ತದೆ. ಹಸಿ ಸೌದೆಯಿಂದ ಕೊಳವೆಯೊಳಗೆ ಕಟ್ಟುವ ಜಿಗುಟು ಮಸಿಗೇ ಬೆಂಕಿ ಹೊತ್ತಿಕೊಳ್ಳಬಹುದಾದ್ದರಿಂದ, ಚೆನ್ನಾಗಿ ಒಣಗಿದ ಸೌದೆಯನ್ನಷ್ಟೇ ಬಳಸುತ್ತಿದ್ದೇವೆ. ಕೆಂಡದಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಆದುದರಿಂದ ಮಳೆಗಾಲದ ಥಂಡಿಯಲ್ಲಿಯೂ ಕೆಂಡ ಆರುವ ತನಕ ಕಿಟಕಿ ಮುಚ್ಚುವುದಿಲ್ಲ.