ಕುಂಟುವ ಕುದುರೆಗೆ ಅಯಸ್ಕಾಂತದ ಪಟ್ಟಿ, ‘ವಿಷ ತೆಗೆಯುವ’ ಪುಡಿ: ಜಾಹೀರಾತಿನ ಮಾತು ಎಷ್ಟು ನಂಬಬಹುದು?

ಬೆಣ್ಣೆನಗರಿ (ಪ್ರಶ್ನೆ):

ದಾವಣಗೆರೆಯಲ್ಲಿ ಮದುವೆ ಮೆರವಣಿಗೆಗೆ ಬಿಡುವ ಕುದುರೆ. ಹೆಣ್ಣು, 11 ವರ್ಷ. 4 ದಿನದಿಂದ ಮುಂದಿನ ಎಡಗಾಲು ಕುಂಟುತ್ತಿದೆ. ವಾಟ್ಸಾಪ್‌ನಲ್ಲಿ ಒಂದು ಪಾಂಪ್ಲೆಟ್ ಓಡಾಡ್ತಿದೆ: ಅಯಸ್ಕಾಂತದ ಕಾಲುಪಟ್ಟಿ, ಕೆಂಪು ಬೆಳಕಿನ ಯಂತ್ರ, ಜೊತೆಗೆ ಮೈಯೊಳಗಿನ ವಿಷ ತೆಗೆಯುವ ಗಿಡಮೂಲಿಕೆ ಪುಡಿ. ‘5 ದಿನದಲ್ಲಿ ಕುಂಟು ಮಾಯ, 100% ನೈಸರ್ಗಿಕ, ಅಡ್ಡಪರಿಣಾಮ ಇಲ್ಲವೇ ಇಲ್ಲ, 10ರಲ್ಲಿ 9 ಕುದುರೆಗೆ ಗುಣ’ ಅಂತ ದಪ್ಪ ಅಕ್ಷರ. ಅಡಿಯಲ್ಲಿ ಇರುವೆಗಾತ್ರದಲ್ಲಿ ‘ಜೊತೆಗೆ 3 ವಾರ ಸಂಪೂರ್ಣ ವಿಶ್ರಾಂತಿ ಕೊಡಿ’. ಲಗ್ನದ ಸೀಸನ್ ಮುಂದಿದೆ. ಇಂಥ ಮಾತನ್ನ ಅಳೆಯೋದು ಹೇಗೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಲಾಳದಮೊಳೆ:

ಪಾಂಪ್ಲೆಟ್ ಬದಿಗಿಡ್ರಿ, ಮೊದಲು ಗೊರಸು ಎತ್ತಿ ನೋಡ್ರಿ. ಒಂದೇ ಕಾಲು ಇದ್ದಕ್ಕಿದ್ದಂತೆ ಜೋರಾಗಿ ಕುಂಟಿದ್ರೆ ಮೊದಲ ಅನುಮಾನ ಗೊರಸಿನೊಳಗಿನ ಕೀವಿನ ಮೇಲೆ. ಡಾಂಬರು ರಸ್ತೆಯ ಮೊಳೆ, ಗಾಜಿನ ಚೂರು, ಇಲ್ಲಾ ಲಾಳದ ಮೊಳೆ ಬಿಳಿಗೆರೆ (ಗೊರಸಿನ ಗೋಡೆಯೂ ಅಂಗಾಲೂ ಸೇರೋ ಗೆರೆ) ದಾಟಿ ಒಳಗೆ ಹೋಗಿರೋದು, ಯಾವುದಾದ್ರೂ ಸಾಕು. ಗೊರಸಿನ ಗೋಡೆ ಹಿಗ್ಗೋದಿಲ್ಲ. ಅದಕ್ಕೇ ಒಳಗೆ ಸ್ವಲ್ಪವೇ ಕೀವು ಸೇರಿದ್ರೂ ಆ ಒತ್ತಡಕ್ಕೆ ಕುದುರೆ ಕಾಲು ಊರಲ್ಲ.

ಗೊರಸಿನ ಮೇಲಿರೋ ಗಿಣ್ಣಿನ ಹಿಂಬದಿ, ಎರಡೂ ಪಕ್ಕಕ್ಕೆ ಬೆರಳು ಹಗುರವಾಗಿ ಇಟ್ಟು ಅರ್ಧ ನಿಮಿಷ ಸುಮ್ಮನಿರ್ರಿ. ಚೆನ್ನಾಗಿರೋ ಕಾಲಲ್ಲಿ ನಾಡಿ ಹುಡುಕಬೇಕು, ಕೆಟ್ಟ ಕಾಲಲ್ಲಿ ತಾನೇ ಬಂದು ಬೆರಳಿಗೆ ಬಡಿಯುತ್ತೆ. ಆಮೇಲೆ ಎರಡೂ ಗೊರಸಿನ ಬಿಸಿ ಅಂಗೈಯಿಂದ ಹೋಲಿಸ್ರಿ. ಎರಡೂ ಮುಂಗಾಲಲ್ಲಿ ನಾಡಿ ಬಡಿದು, ಕುದುರೆ ಭಾರ ಹಿಂದಕ್ಕೆ ಹಾಕಿ ನಿಂತಿದ್ರೆ ಅದು ಬೇರೆ ಕಥೆ, ಲ್ಯಾಮಿನೈಟಿಸ್ (ಗೊರಸಿನೊಳಗಿನ ಪದರದ ಉರಿಯೂತ) ಇರಬಹುದು. ಆಗ ಒಂದು ದಿನ ಕಾಯೋದೂ ತಪ್ಪು.

ಈಗ ಆ ‘5 ದಿನ’ದ ಲೆಕ್ಕ. ಕೀವು ದಾರಿ ಮಾಡ್ಕೊಂಡು ಹೊರಗೆ ಬಂದ ದಿನವೇ ಕುಂಟು ಬಹುಪಾಲು ಇಳಿಯುತ್ತೆ. ಆ ದಿನ ಕಾಲಿಗೆ ಏನು ಕಟ್ಟಿದ್ರೋ ಹೆಸರು ಅದಕ್ಕೆ. ಪಟ್ಟಿ ಕಟ್ಟಿದ್ರೆ ಪಟ್ಟಿಗೆ, ತಾಯತ ಕಟ್ಟಿದ್ರೆ ತಾಯತಕ್ಕೆ. ಮಾಡಬೇಕಾದ್ದು: ಡಾಕ್ಟ್ರು ಇಲ್ಲಾ ಅವರ ಜೊತೆ ಲಾಳ ಕಟ್ಟೋರು ದಾರಿ ಬಿಡಿಸಿ ಕೀವು ಇಳಿಸೋದು, ಬೆಚ್ಚನೆ ನೀರಿಗೆ ಎಪ್ಸಮ್ ಸಾಲ್ಟ್ ಹಾಕಿ 15–20 ನಿಮಿಷ ಗೊರಸು ಅದ್ದೋದು, ಒಣಗಿಸಿ ಪ್ಯಾಡ್ ಇಟ್ಟು ಸುತ್ತೋದು. ಟೆಟನಸ್ ಇಂಜೆಕ್ಷನ್ ಕೇಳಿಯೇ ಹಾಕಿಸ್ರಿ, ಧನುರ್ವಾಯುವಿನ ವಿಷಯದಲ್ಲಿ ಕುದುರೆಯಷ್ಟು ಸೂಕ್ಷ್ಮ ಪ್ರಾಣಿ ಕಮ್ಮಿ. ಮೊಳೆ ಚುಚ್ಚಿದ ತೂತಿಗೆ ಸಗಣಿ, ಲದ್ದಿ, ಅರಿಶಿನದ ಮುದ್ದೆ ಯಾವುದನ್ನೂ ತುರುಕಬೇಡ್ರಿ. ಗಾಳಿ ಆಡದ ಗಾಯದಲ್ಲೇ ಆ ರೋಗಾಣು ಬೆಳೆಯೋದು.

ಒನಕೆಕಿಂಡಿ:

ಮೇಲಿನವರ ಮಾತಿಗೆ ಸೇರಿಸುವುದು ಪಟ್ಟಿಯ ವಿಷಯ.

‘ರಕ್ತದಲ್ಲಿ ಕಬ್ಬಿಣ ಇದೆ, ಅಯಸ್ಕಾಂತ ಅದನ್ನು ಎಳೆದು ರಕ್ತಸಂಚಾರ ಹೆಚ್ಚಿಸುತ್ತದೆ’ ಎನ್ನುವುದು ಮಾರುವವರ ಮಾಮೂಲಿ ವಿವರಣೆ. ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಮೊಳೆಯ ಕಬ್ಬಿಣದಂತೆ ವರ್ತಿಸುವುದಿಲ್ಲ. ಆಮ್ಲಜನಕ ತುಂಬಿದ ರಕ್ತವನ್ನು ಅಯಸ್ಕಾಂತ ಎಳೆಯುವುದಿರಲಿ, ತೀರಾ ನಸುವಾಗಿ ದೂರ ತಳ್ಳುತ್ತದೆ. 1.5 ಅಥವಾ 3 ಟೆಸ್ಲಾ ಬಲದ ಎಂಆರ್‌ಐ ಒಳಗೆ ಮಲಗಿದವರ ರಕ್ತ ಒಂದು ಕಡೆ ಹೋಗಿ ಸೇರುವುದಿಲ್ಲ. ಕಾಲುಪಟ್ಟಿಯ ಬಲ ಅದರ ಹತ್ತಿರಕ್ಕೂ ಬರುವುದಿಲ್ಲ. ಮನೆಯಲ್ಲೇ ನೋಡಬಹುದು: ಪಟ್ಟಿಯ ಮೇಲೆ ಒಂದೊಂದೇ ಕಾಗದದ ಹಾಳೆ ಇಡುತ್ತಾ ಹೋಗಿ, ಗುಂಡುಪಿನ್ನು ಎಷ್ಟನೇ ಹಾಳೆಗೆ ಬಿಟ್ಟುಬೀಳುತ್ತದೆ ಎಣಿಸಿ. 10 ಹಾಳೆ ಅಂದರೆ ಸುಮಾರು 1 ಮಿಲಿಮೀಟರ್. ಫ್ರಿಜ್ ಮೇಲೆ ಅಂಟಿಸುವ ಬಿಲ್ಲೆಯಂಥ ಬಾಗುವ ಅಯಸ್ಕಾಂತದ ಬಲ ಕೆಲವೇ ಮಿಲಿಮೀಟರ್‌ನಲ್ಲಿ ಮುಗಿದುಹೋಗುತ್ತದೆ. ಬಟ್ಟೆ, ಕೂದಲು, ಚರ್ಮ ದಾಟಿ ಟೆಂಡನ್ನಿಗೆ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿಗೆ) ತಲುಪಲು ಉಳಿಯುವುದೇನು?

ಪಟ್ಟಿ ಕಟ್ಟಿದರೆ ಕಾಲು ಬೆಚ್ಚಗಾಗುವುದು ನಿಜ. ಅಯಸ್ಕಾಂತ ತೆಗೆದು ಬರೀ ಬಟ್ಟೆ ಕಟ್ಟಿದರೂ ಅಷ್ಟೇ ಬೆಚ್ಚಗಾಗುತ್ತದೆ. ಚಿತ್ರದುರ್ಗ, ಚಳ್ಳಕೆರೆಯ ಏಪ್ರಿಲ್ ಬಿಸಿಲಲ್ಲಿ ರಾತ್ರಿಯೆಲ್ಲಾ ಬಿಗಿದಿಟ್ಟರೆ ಬೆವರಿಗೆ ಚರ್ಮ ಹುಣ್ಣಾಗುತ್ತದೆ, ಬಿಗಿ ಒಂದೇ ಕಡೆ ಬಿದ್ದರೆ ಟೆಂಡನ್ನಿಗೇ ಪೆಟ್ಟು. ‘ಅಡ್ಡಪರಿಣಾಮ ಇಲ್ಲವೇ ಇಲ್ಲ’ ಎನ್ನುವವರಿಗೆ ಇದೊಂದು ಕೇಳಿ ನೋಡಿ.

ಕೆಂಪು ಬೆಳಕು ಪೂರ್ತಿ ಬೊಗಳೆ ಅಂತ ನಾನು ಹೇಳುವುದಿಲ್ಲ, ಲೇಸರ್ ಮೇಲೆ ನಿಜವಾದ ಸಂಶೋಧನೆ ನಡೆಯುತ್ತಿದೆ. ಆದರೆ ಅಲ್ಲಿ ಎಲ್ಲವೂ ಪ್ರಮಾಣದ ಮೇಲೆ ನಿಂತಿದೆ: ತರಂಗಾಂತರ ಎಷ್ಟು ನ್ಯಾನೋಮೀಟರ್, ಶಕ್ತಿ ಎಷ್ಟು ಮಿಲಿವ್ಯಾಟ್, ಒಂದು ಚದರ ಸೆಂಟಿಮೀಟರ್‌ಗೆ ಎಷ್ಟು ಜೌಲ್. ಈ ಮೂರು ಅಂಕಿ ಕೊಡಲಾಗದ ಯಂತ್ರ ಕೆಂಪು ಗಾಜಿನ ಟಾರ್ಚ್. ಕಪ್ಪು ಚರ್ಮ, ದಟ್ಟ ಕೂದಲು ಬೆಳಕಿನ ದೊಡ್ಡ ಪಾಲನ್ನು ಮೇಲೆಯೇ ಹೀರಿಬಿಡುತ್ತವೆ ಎನ್ನುವುದನ್ನೂ ಪಾಂಪ್ಲೆಟ್ ಹೇಳುವುದಿಲ್ಲ.

‘10ರಲ್ಲಿ 9’ಕ್ಕೆ ನನ್ನ ಪ್ರಶ್ನೆ ಒಂದೇ: ಪಟ್ಟಿ ಕಟ್ಟದೆ ಬರೀ 3 ವಾರ ವಿಶ್ರಾಂತಿ ಕೊಟ್ಟ 10 ಕುದುರೆಯಲ್ಲಿ ಎಷ್ಟಕ್ಕೆ ಗುಣವಾಯಿತು? ಆ ಅಂಕಿ ಇಲ್ಲದಿದ್ದರೆ 9 ಅನ್ನೋದಕ್ಕೆ ಅರ್ಥವಿಲ್ಲ. ಸಣ್ಣ ಉಳುಕಿಗೆ ಔಷಧಿ ಆ ಇರುವೆಗಾತ್ರದ ಸಾಲಿನಲ್ಲೇ ಇದೆ, ಅದಕ್ಕೆ ದುಡ್ಡು ಬೇಡ. ನಿಜವಾಗಿ ಟೆಂಡನ್ ಹರಿದಿದ್ದರೆ ಕೆಲಸಕ್ಕೆ ಮರಳಲು 9ರಿಂದ 12 ತಿಂಗಳು ಬೇಕಾಗಬಹುದು, 5 ದಿನದ ಮಾತೇ ಇಲ್ಲ.

ಏನೇ ಮಾಡಿದರೂ ವಿಡಿಯೋ ಇಡಿ. ಕಾಲು ಊರುತ್ತಿದ್ದರೆ ಮಾತ್ರ. ಸಮತಟ್ಟಾದ ಸಿಮೆಂಟ್ ನೆಲ, 25–30 ಮೀಟರ್ ನೇರ ದಾರಿ, ಹಗ್ಗ ಸಡಿಲ ಬಿಟ್ಟು ನಿಧಾನ ಓಟ. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ನೋವಿರುವ ಮುಂಗಾಲು ನೆಲಕ್ಕೆ ಬಿದ್ದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಬಿದ್ದಾಗ ಕೆಳಗಿಳಿಯುತ್ತದೆ. ವಾರಕ್ಕೊಮ್ಮೆ ಅದೇ ಜಾಗ, ಅದೇ ಹೊತ್ತು. ಆಮೇಲೆ ತುಣುಕುಗಳನ್ನು ಕಲಸಿ, ದಿನಾಂಕ ಮರೆಮಾಡಿ, ಕುದುರೆ ಬಲ್ಲ ಇನ್ನೊಬ್ಬರಿಗೆ ತೋರಿಸಿ ‘ಯಾವುದು ಮೊದಲಿಂದು’ ಅಂತ ಕೇಳಿ. ಸಾವಿರಾರು ರೂಪಾಯಿ ಕೊಟ್ಟು ಪಟ್ಟಿ ತಂದವರ ಕಣ್ಣಿಗೆ ಎರಡನೇ ದಿನಕ್ಕೇ ಗುಣ ಕಾಣಿಸುತ್ತದೆ.

ಹಗೇವು:

ಪುಡಿ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ಪ್ರಕಾರ ಮೂರರಲ್ಲಿ ಅಪಾಯದ್ದು ಅದೇ.

‘ವಿಷ’ ಅಂದ್ರೆ ಯಾವ ವಿಷ ಅಂತ ಹೆಸರು ಕೇಳಿ. ಹೆಸರಿಲ್ಲದ ವಿಷವನ್ನ ತೆಗೆದ್ವಿ ಅಂತ ಯಾರು ಬೇಕಾದ್ರೂ ಹೇಳಬಹುದು. ನಮ್ಮ ಕಡೆ ಹೆಸರಿರೋ ವಿಷ ಒಂದಿದೆ. ಇದು ಮೆಕ್ಕೆಜೋಳದ ಸೀಮೆ, ಮಳೆಗೆ ನೆನೆದ ಬೂಷ್ಟು ಕಾಳು ಅಗ್ಗಕ್ಕೆ ಸಿಗುತ್ತೆ. ಅದರಲ್ಲಿ ಫ್ಯುಮೋನಿಸಿನ್ ಅನ್ನೋ ಬೂಷ್ಟಿನ ವಿಷ ಇದ್ರೆ ಕುದುರೆಯ ಮಿದುಳಿನ ಬಿಳಿ ಭಾಗವೇ ಕರಗಿಹೋಗುತ್ತೆ: ತೂರಾಡೋದು, ಗೋಡೆಗೆ ತಲೆ ಒತ್ತೋದು, ಕಣ್ಣು ಕಾಣದೇ ಸುತ್ತೋದು, ಆಮೇಲೆ ಕೆಲವೇ ಗಂಟೆ ಇಲ್ಲಾ ದಿನಗಳಲ್ಲಿ ಸಾವು. ಇದಕ್ಕೆ ಮದ್ದಿಲ್ಲ. ಅದೇ ಕಾಳನ್ನ ದನ ತಿಂದು ಅರಗಿಸ್ಕೊಳ್ಳೋದ್ರಿಂದ ಜನ ಮೋಸಹೋಗ್ತಾರೆ. ಜೇಡಿಮಣ್ಣಿನ ಟಾಕ್ಸಿನ್ ಬೈಂಡರ್ (ಮೇವಿನ ವಿಷ ಹಿಡಿದಿಡೋ ಪುಡಿ) ಅಫ್ಲಾಟಾಕ್ಸಿನ್ ಅನ್ನೋ ಇನ್ನೊಂದು ಬೂಷ್ಟಿನ ವಿಷವನ್ನ ಹಿಡಿಯೋಷ್ಟು ಚೆನ್ನಾಗಿ ಫ್ಯುಮೋನಿಸಿನ್ ಹಿಡಿಯಲ್ಲ. ಹಾಗಾಗಿ ಪುಡಿ ಹಾಕ್ತೀನಿ ಅಂತ ಬೂಷ್ಟು ಕಾಳು ತಿನ್ನಿಸೋ ಹಾಗಿಲ್ಲ. ಕಾಳು ಬಿಸಾಕಿ.

ನೈಸರ್ಗಿಕ ಅನ್ನೋ ಪದಕ್ಕೆ ಮರುಳಾಗಬೇಡಿ. ಕಾಸರಕದ ಬೀಜವೂ ನೈಸರ್ಗಿಕ, ಒಳಗಿರೋದು ಸ್ಟ್ರಿಕ್ನಿನ್. ದೇವಸ್ಥಾನದ ಅಂಗಳದ ಕಣಗಿಲೆ ಎಲೆ ಸ್ವಲ್ಪ ತಿಂದ್ರೂ ಕುದುರೆಯ ಹೃದಯ ನಿಲ್ಲಬಹುದು. ಡಬ್ಬಿ ಮೇಲೆ ಪದಾರ್ಥಗಳ ಹೆಸರು, ಪ್ರಮಾಣ, ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಹುಡುಕಿ. ‘21 ಗುಪ್ತ ಮೂಲಿಕೆ’ ಅಂತಷ್ಟೇ ಇದ್ರೆ ಅಲ್ಲೇ ಇಟ್ಟುಬನ್ನಿ.

ಇನ್ನೊಂದು. ಗುಟ್ಟಿನ ಪುಡಿ ತಿಂದ ಕೆಲವೇ ಗಂಟೆಗೆ ಕುಂಟು ಹೋಗಿ, ನಿಲ್ಲಿಸಿದ ಕೂಡಲೇ ವಾಪಸ್ ಬಂದ್ರೆ ಅದರಲ್ಲಿ ನೋವಿನ ಮಾತ್ರೆಯನ್ನೋ ಸ್ಟೆರಾಯ್ಡನ್ನೋ ಅರೆದು ಹಾಕಿದ್ದಾರೆ ಅಂತ ಅನುಮಾನ ಪಡಿ. ಅದರ ಮೇಲೆ ಡಾಕ್ಟ್ರು ನೋವಿನ ಔಷಧಿ ಫಿನೈಲ್‌ಬ್ಯುಟಜೋನ್ ಕೊಟ್ರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಏಟು. ಪುಡಿ ತಿನ್ನಿಸಿದ್ರೆ ಮುಚ್ಚಿಡಬೇಡಿ, ಡಬ್ಬಿ ಸಮೇತ ತೋರಿಸಿ.

ಹುರುಳಿಕಟ್ಟು:

ಹಾಗಾದ್ರೆ ಇಂಗ್ಲಿಷ್ ಔಷಧಿ ಬಿಟ್ಟು ಉಳಿದದ್ದೆಲ್ಲಾ ಸುಳ್ಳು ಅಂತೀರೇನ್ರಿ? ಹಿಂದಿನವರು ಕಾಲನ್ನ ಹೊಳೆ ನೀರಲ್ಲಿ ನಿಲ್ಲಿಸ್ತಿದ್ರಲ್ಲ?

ಒನಕೆಕಿಂಡಿ:

@ಹುರುಳಿಕಟ್ಟು ಅದು ಸುಳ್ಳಲ್ಲ ಅಣ್ಣಾ, ಒಳ್ಳೆಯ ಉದಾಹರಣೆಯನ್ನೇ ಕೊಟ್ಟಿರಿ. ಲ್ಯಾಮಿನೈಟಿಸ್ ಶುರುವಿನಲ್ಲಿ ಗೊರಸನ್ನೂ ಮೇಲಿನ ಕಾಲನ್ನೂ ಮಂಜುಗಡ್ಡೆ ನೀರಿನಲ್ಲಿ ಬಿಡದೆ 48–72 ಗಂಟೆ ಇಡುವುದು ಪ್ರಯೋಗದಲ್ಲಿ ಗೆದ್ದ ಚಿಕಿತ್ಸೆ. ಆದರೆ ಹೊಳೆ ನೀರು ಅಷ್ಟು ತಣ್ಣಗಿರುವುದಿಲ್ಲ, ಅರ್ಧ ಗಂಟೆಯೂ ಸಾಲದು. ಹಳೆಯದೋ ಹೊಸದೋ ಎಂಬುದು ಪ್ರಶ್ನೆಯಲ್ಲ, ಪರೀಕ್ಷೆಗೆ ನಿಂತಿದೆಯೋ ಇಲ್ಲವೋ ಅಷ್ಟೇ. ಹೋಮಿಯೋಪತಿಯ 30ಸಿ (ನೂರಕ್ಕೆ ಒಂದರಂತೆ 30 ಸಲ ತೆಳು ಮಾಡಿದ) ಹನಿಯಲ್ಲಿ ಮೂಲ ಪದಾರ್ಥದ ಒಂದು ಅಣು ಉಳಿಯುವ ಸಾಧ್ಯತೆಯೂ ಇಲ್ಲವೆನ್ನುವಷ್ಟು, 12ಸಿ ಹೊತ್ತಿಗೇ ಆ ಗಡಿ ದಾಟಿರುತ್ತದೆ.

ಬೆಣ್ಣೆನಗರಿ:

ಎಲ್ಲರಿಗೂ ನಮಸ್ಕಾರ. ನಾಡಿ ನೋಡಿದ್ದಾಯ್ತು: ಎಡಗಾಲಲ್ಲಿ ಬೆರಳಿಗೆ ಹೊಡೀತಿದೆ, ಬಲಗಾಲಲ್ಲಿ ಹುಡುಕಿದ್ರೂ ಸರಿಯಾಗಿ ಸಿಗ್ತಿಲ್ಲ. ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿದ್ದೀವಿ, ಡಾಕ್ಟ್ರು ಸಂಜೆ ಬರ್ತಾರಂತೆ. ಅಲ್ಲಿವರೆಗೆ ನೋವಿನ ಮಾತ್ರೆ ಕೊಡಬಹುದಾ? ಲಾಳ ಕಿತ್ತುಬಿಡಬೇಕಾ?

ಲಾಳದಮೊಳೆ:

ಎರಡೂ ಬೇಡ. ಮಾತ್ರೆ ಕೊಟ್ರೆ ಡಾಕ್ಟ್ರು ಇಕ್ಕಳದಲ್ಲಿ ಗೊರಸು ಒತ್ತಿ ನೋಡುವಾಗ ಕುದುರೆ ನೋವಿನ ಜಾಗ ತೋರಿಸಲ್ಲ. ಲಾಳವನ್ನ ಅವರ ಮುಂದೆಯೇ ಒಂದೊಂದೇ ಮೊಳೆ ಎಳೆದು ತೆಗೀಬೇಕು, ಯಾವ ಮೊಳೆ ಒದ್ದೆಯಾಗಿ ಇಲ್ಲಾ ಕಪ್ಪಾಗಿ ಬರುತ್ತೆ ಅನ್ನೋದರಲ್ಲೇ ಅರ್ಧ ಉತ್ತರ. ಕಾಲ ಕೆಳಗೆ ಹುಲ್ಲು ದಪ್ಪಗೆ ಹಾಸಿ, ನೀರು ಬಾಯಿಗೆ ಎಟುಕೋ ಹಾಗೆ ಇಡ್ರಿ. ಕಾಳು ಇವತ್ತಿಗೆ ನಿಲ್ಲಿಸಿ ಬರೀ ಒಣಹುಲ್ಲು ಸಾಕು. ಕೊನೆ ಸಲ ಲಾಳ ಕಟ್ಟಿಸಿದ್ದು ಯಾವತ್ತು, ಟೆಟನಸ್ ಹಾಕಿಸಿದ್ದು ಯಾವತ್ತು, ಎರಡೂ ಚೀಟಿಯಲ್ಲಿ ಬರೆದಿಡ್ರಿ. ಬಂದ ಕೂಡಲೇ ಕೇಳೋದು ಅದನ್ನೇ.